ಒಂಟಿ ಮನೆಯ ಸುತ್ತಲಿನ ಊರು

ಹೊಸೂರು ದಾಟಿ ಕೃಷ್ಣಗಿರಿಯ ಕಡೆ ಇಳಿಯುವ ಹೆದ್ದಾರಿಯಲ್ಲಿ ಕನ್ನಡ ಎಲ್ಲಿ ಮುಗಿಯಿತು, ತಮಿಳು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ರಾಜ್ಯದ ಗಡಿ ಅತ್ತಿಬೆಲೆಯಲ್ಲೇ ಹಿಂದಾಗಿರುತ್ತದೆ. ಆದರೆ ಬಂಡೆಗುಡ್ಡ, ಹುಣಸೆಮರ, ಮಾವಿನ ತೋಪು, ರಾಗಿಹೊಲ ಎಲ್ಲವೂ ಕೋಲಾರದ ಕಡೆಯವೇ ಇಲ್ಲಿಯವರೆಗೂ ನಡೆದುಬಂದಂತಿವೆ. ಧರ್ಮಪುರಿಯ ಹಳ್ಳಿಗಳಲ್ಲಿ ರಾಗಿಯ ಕಳಿ ಉಂಡವರಿಗೆ ಅದು ಮುದ್ದೆಯೇ ಎಂದು ಯಾರೂ ಹೇಳಿಕೊಡಬೇಕಿಲ್ಲ. ಜೊತೆಗೆ ಬಡಿಸುವ ಸೊಪ್ಪಿನ ಕಡೆಯಲ್ ನಮ್ಮ ಮಸ್ಸೊಪ್ಪಿನ ಒಡಹುಟ್ಟು. ಟೀ ಅಂಗಡಿಯ ಒಂದೇ ಬೆಂಚಿನ ಮೇಲೆ ತಮಿಳು, ಕನ್ನಡ, ತೆಲುಗು ಮೂರೂ ಓಡಾಡುತ್ತವೆ. ಒಂದು ಭಾಷೆಯಲ್ಲಿ ಕೇಳಿದ್ದಕ್ಕೆ ಇನ್ನೊಂದರಲ್ಲಿ ಉತ್ತರ ಬಂದರೂ ಮಾತು ನಿಲ್ಲುವುದಿಲ್ಲ. ಇಂಥ ಗಡಿನಾಡನ್ನು ಸುತ್ತಿ ಬಂದ ಮೇಲೂ ಬಿಡದೆ ಕಾಡುವ ಪ್ರಶ್ನೆಯೊಂದಿದೆ. ಗಡಿ, ಕಾಡಂಚು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾರದ್ದು? ಅಲ್ಲೊಂದು ದಟ್ಟ ಕಾಡು, ಅದರ ಅಂಚಿಗೆ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಕಟ್ಟಿದ ಒಂಟಿ ಮನೆ, ಬಾಗಿಲಲ್ಲಿ ಬಂದೂಕು ಹಿಡಿದು ನಿಂತ ಗಂಡಸು, ಸುತ್ತ ಹರಿದಾರಿ ದೂರದವರೆಗೆ ನರಪಿಳ್ಳೆಯಿಲ್ಲ. ಈ ಚಿತ್ರ ಹಾಲಿವುಡ್ಡಿನಿಂದ, ಕಾಮಿಕ್ಸ್‌ನಿಂದ, ಜಾಹೀರಾತಿನಿಂದ ಬಂದು ನಮ್ಮೊಳಗೆ ಕೂತಿದೆ. ಸೇಲಂ, ಧರ್ಮಪುರಿ ಜಿಲ್ಲೆಗಳ ನೆಲ ಇದನ್ನು ಹೆಜ್ಜೆಹೆಜ್ಜೆಗೂ ಸುಳ್ಳು ಮಾಡುತ್ತದೆ. ಗಡಿಯ ಒಂಟಿ ಮನೆಯನ್ನು ಕೊಂಡಾಡುವ ಕಥೆ ಎದುರಾದಾಗ ಅದರ ಆಸುಪಾಸಿನಲ್ಲಿ ಕೆಡವಿಹಾಕಿದ ಮನೆ ಯಾರದ್ದಿತ್ತು ಎಂದು ಮೊದಲು ಹುಡುಕಬೇಕು ಎಂಬುದು ಈ ಪ್ರವಾಸ ನನ್ನಲ್ಲಿ ಗಟ್ಟಿಮಾಡಿದ ಮಾತು.

ಮೊದಲು ಅಮೆರಿಕದ ಮನೆಯನ್ನೇ ನೋಡೋಣ. ದಿಮ್ಮಿಮನೆ ಇಂಗ್ಲಿಷ್ ವಲಸಿಗರ ಸೊತ್ತಲ್ಲ. 1638ರಲ್ಲಿ ಡೆಲವೇರ್ ನದಿಯ ದಂಡೆಗೆ ಬಂದು ವಸಾಹತು ಹೂಡಿದ ಸ್ವೀಡನ್ನಿನವರು ಮತ್ತು ಫಿನ್‌ಲ್ಯಾಂಡಿನವರು ತಮ್ಮ ಕಡೆಯ ಕಟ್ಟುವ ರೀತಿಯನ್ನು ಜೊತೆಗೆ ತಂದರು. ಪ್ಲಿಮತ್ತಿಗೆ ಬಂದಿಳಿದ ಇಂಗ್ಲಿಷರು ಇಂಥ ಮನೆಗಳಲ್ಲಿದ್ದರು ಎಂಬ ನಂಬಿಕೆಯನ್ನು ಹೆರಾಲ್ಡ್ ಶರ್ಟ್‌ಲೆಫ್ 1939ರ ತಮ್ಮ ಪುಸ್ತಕದಲ್ಲಿ ಬುಡಸಮೇತ ಕಿತ್ತುಹಾಕಿದರು. ಆದರೂ ಆ ಮನೆ ದೇಶದ ಲಾಂಛನವಾಯಿತು, ಅದೂ ಒಂದು ಚುನಾವಣೆಯಿಂದ. 1840ರಲ್ಲಿ ಅಧ್ಯಕ್ಷ ಪದವಿಗೆ ನಿಂತ ವಿಲಿಯಂ ಹೆನ್ರಿ ಹ್ಯಾರಿಸನ್, ಒಂದು ಪೀಪಾಯಿ ಸೇಬಿನ ಹೆಂಡ ಕೊಟ್ಟರೆ ದಿಮ್ಮಿಮನೆಯಲ್ಲಿ ಕೂತುಬಿಡುವ ಆಸಾಮಿ ಎಂದು ಎದುರಾಳಿಗಳ ಪತ್ರಿಕೆ ಹಂಗಿಸಿತು. ಅವರ ಪಕ್ಷ ಆ ಹಂಗನ್ನೇ ಬಾವುಟ ಮಾಡಿಕೊಂಡು, ದಿಮ್ಮಿಮನೆಯ ಮಾದರಿಗಳನ್ನು ಮೆರವಣಿಗೆಯಲ್ಲಿ ಎಳೆದು ಗೆದ್ದಿತು. ಹ್ಯಾರಿಸನ್ ಹುಟ್ಟಿದ್ದು ವರ್ಜೀನಿಯದ ಇಟ್ಟಿಗೆಯ ಬಂಗಲೆಯಲ್ಲಿ. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ. ಅವರಿಗೆ ಹೆಸರು ತಂದುಕೊಟ್ಟದ್ದು 1811ರ ಟಿಪ್ಪೆಕನೂ ಕಾಳಗ. ಅದು ಮುಗಿದ ಮೇಲೆ ಅವರ ಸೈನ್ಯ ಪ್ರಾಫೆಟ್ಸ್‌ಟೌನ್ ಎಂಬ ಮೂಲನಿವಾಸಿಗಳ ಊರನ್ನು ಸುಟ್ಟುಹಾಕಿತು. ಅಮೆರಿಕದ ಅತ್ಯಂತ ಹೆಸರಾದ ದಿಮ್ಮಿಮನೆಯ ಹಿಂದೆ ಸುಟ್ಟ ಊರೊಂದು ಇದೆ. ಮೆರವಣಿಗೆಯಲ್ಲಿ ಬಂದದ್ದು ಮೊದಲನೆಯದು ಮಾತ್ರ. ಮುಂದೆ 1887ರಲ್ಲಿ ಮಿನ್ನೆಸೋಟದ ವ್ಯಾಪಾರಿಯೊಬ್ಬರು ‘ಲಾಗ್ ಕ್ಯಾಬಿನ್’ ಎಂಬ ಹೆಸರಿನ ಸಿಹಿಪಾಕ ಮಾರಾಟಕ್ಕೆ ತಂದರು, ಅದರ ಡಬ್ಬಿಗೆ ಮನೆಯ ಆಕಾರವೇ ಬಂತು. ಮೇಪಲ್ ಮರದ ರಸ ಇಳಿಸಿ ಕಾಯಿಸುವ ವಿದ್ಯೆಯಾದರೋ ಆ ನೆಲದ ಮೂಲಜನರದ್ದು.

ಇದಕ್ಕೊಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ದಿಮ್ಮಿಮನೆಯ ಚಿತ್ರ ಬಡವನಿಗೆ ಮರ್ಯಾದೆ ತಂದಿತಲ್ಲವೇ? ಅಬ್ರಹಾಂ ಲಿಂಕನ್ 1809ರಲ್ಲಿ ಕೆಂಟಕಿಯ ಅಂಥದೇ ಮನೆಯಲ್ಲಿ ಹುಟ್ಟಿದರು, ಅವರ ಬಡತನ ಯಾರೂ ಹೊಸೆದ ಕಥೆಯಲ್ಲ. ಗುಡಿಸಲಲ್ಲಿ ಹುಟ್ಟಿದವನು ದೇಶ ಆಳಬಹುದು ಎಂಬ ಮಾತಿನಲ್ಲಿ ಜನತಂತ್ರದ ತಿರುಳೇ ಇದೆ. ಒಪ್ಪುತ್ತೇನೆ. ಆದರೆ ಹಾಜನ್‌ವಿಲ್ಲಿನಲ್ಲಿ ಆ ಗುಡಿಸಲಿಗೆ ಆದದ್ದೇನು? 1911ರಲ್ಲಿ ಪೂರ್ತಿಯಾದ ಗ್ರೀಕ್ ದೇಗುಲದಂಥ ಸ್ಮಾರಕ, ಮೇಲೇರಲು 56 ಮೆಟ್ಟಿಲು, ಗರ್ಭಗುಡಿಯಲ್ಲಿ ದಿಮ್ಮಿಮನೆ. ಕಟ್ಟಡದೊಳಗೆ ಸರಿಹೋಗಲೆಂದು ಆ ಮನೆಯನ್ನೇ ಕಿರಿದುಮಾಡಿದರು. ದಿಮ್ಮಿಗಳ ಉಂಗುರ ಎಣಿಸಿದಾಗ ಅವು ಲಿಂಕನ್ ಹುಟ್ಟಿ ದಶಕಗಳಾದ ಮೇಲೆ ಕಡಿದ ಮರಗಳು ಎಂದು ತಿಳಿಯಿತು. ಬಡವನ ಮನೆಯನ್ನು ಗೌರವಿಸಲು ಹೊರಟವರು ಅದರ ನೆರೆಹೊರೆ, ಹೊಲ, ಬಾವಿ, ಕೆಸರು ಎಲ್ಲವನ್ನೂ ಬಿಡಿಸಿ ತೆಗೆದರು. ಈ ಬಿಡಿಸಿ ತೆಗೆಯುವ ಕೆಲಸಕ್ಕೆ ಸಿದ್ಧಾಂತದ ಬಲವೂ ಸಿಕ್ಕಿತು. 1890ರ ಜನಗಣತಿ ಇನ್ನು ಗಡಿರೇಖೆಯೇ ಉಳಿದಿಲ್ಲ ಎಂದಿತು. 1893ರಲ್ಲಿ ಷಿಕಾಗೊದಲ್ಲಿ ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್, ಪಶ್ಚಿಮಕ್ಕೆ ಸರಿಯುತ್ತ ಹೋದ ಗಡಿ ಮತ್ತು ಅಲ್ಲಿ ಪುಕ್ಕಟೆ ಸಿಕ್ಕ ನೆಲ ಅಮೆರಿಕದವನ ಸ್ವಭಾವವನ್ನೇ ರೂಪಿಸಿತು ಎಂದು ವಾದಿಸಿದರು. ಅದೇ ಬೇಸಿಗೆ, ಅದೇ ಊರಿನಲ್ಲಿ, ಬಫಲೊ ಬಿಲ್ ತನ್ನ ‘ವೈಲ್ಡ್ ವೆಸ್ಟ್’ ಪ್ರದರ್ಶನ ನಡೆಸುತ್ತಿದ್ದ. ಪುಕ್ಕಟೆ ನೆಲ ಎಂಬ ಮಾತು ನಿಲ್ಲಬೇಕಾದರೆ ಆ ನೆಲದಲ್ಲಿ ಯಾರೂ ಇರಲಿಲ್ಲ ಎನ್ನಬೇಕು, ಇಲ್ಲವೇ ಇದ್ದವರನ್ನು ಪ್ರದರ್ಶನದ ವೇಷಗಾರರನ್ನಾಗಿ ಮಾಡಬೇಕು.

ಧರ್ಮಪುರಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಈ ಕಥೆಯನ್ನು ತಲೆಯಲ್ಲಿಟ್ಟುಕೊಂಡು ಹೋದರೆ ಅಲ್ಲಿನ ವೀರಗಲ್ಲುಗಳು ಬೇರೆಯಾಗಿಯೇ ಕಾಣುತ್ತವೆ. ಹಳೆಯ ತಗಡೂರು ನಾಡು ಇದು, ಅದಿಯಮಾನ್ ಅರಸರ ನೆಲ. ಇಲ್ಲಿಂದ ಪೂರ್ವಕ್ಕೆ ಸೆಂಗಂವರೆಗಿನ ಸೀಮೆಯಲ್ಲಿ ಸಿಕ್ಕಷ್ಟು ವೀರಗಲ್ಲುಗಳು ತಮಿಳುನಾಡಿನ ಬೇರೆ ಕಡೆ ಅಪರೂಪ. ಒರಟು ಚಪ್ಪಡಿ, ಅದರ ಮೇಲೆ ಒಂದು ಕೈಲಿ ಬಿಲ್ಲು, ಇನ್ನೊಂದರಲ್ಲಿ ಕತ್ತಿ ಹಿಡಿದು ಮುನ್ನುಗ್ಗುವ ವೀರ, ಮೈಗೆ ನೆಟ್ಟ ಬಾಣ, ಕಾಲ ಬಳಿ ಗಿಂಡಿ, ಹಿಂದೆ ಪುಟ್ಟದಾಗಿ ದನಗಳು. ವಟ್ಟೆಳುತ್ತಿನಲ್ಲಿ ಕೊರೆದ ಒಕ್ಕಣೆ ಚಿಕ್ಕದು. ಇಂಥ ಅರಸನ ಇಷ್ಟನೆಯ ವರ್ಷ, ಇಂಥವನ ಆಳು, ಇಂಥ ಊರಿನ ತುರುಗಳಿಗಾಗಿ ಸತ್ತ, ಅಷ್ಟೆ. ನೆರೆಯ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನ ಪಲ್ಲವರ ಕಾಲದ ಕಲ್ಲಿನಲ್ಲಿ ಕೋವಿವನ್ ಎಂಬ ನಾಯಿಯ ಹೆಸರೂ ಇದೆ, ಕಳ್ಳರ ಮೇಲೆ ಬಿದ್ದ ಆ ನಾಯಿ ವೀರನ ಹಿಂದೆಯೇ ನಿಂತಿದೆ. ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯನ್ನು ಬಲ್ಲವರಿಗೆ ಇದು ಪರಿಚಿತ ಲೋಕ. ವಿರಾಟನ ಗೋಗ್ರಹಣದಿಂದ ಹಿಡಿದು ಮಲೆನಾಡಿನ ತುರುಗೊಳ್ ಕಲ್ಲುಗಳವರೆಗೆ ಗಡಿಯೆಂದರೆ ದನ ಹೊಡೆದುಕೊಂಡು ಹೋಗುವವರು ಮತ್ತು ಬಿಡಿಸಿಕೊಂಡು ಬರುವವರು ಎದುರುಬದುರಾಗುವ ಜಾಗ ಎಂಬುದು ನಮಗೆ ಹೊಸತಲ್ಲ.

ಈ ಕಲ್ಲುಗಳಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಒಂದು ಸಂಗತಿ. ದನ ಬಿಡಿಸಲು ಹೋಗಿ ಸತ್ತವನಿಗೂ ಕಲ್ಲಿದೆ, ದನ ಕವರಲು ಹೋಗಿ ಸತ್ತವನಿಗೂ ಕಲ್ಲಿದೆ. ಎರಡು ಕಡೆಯವರೂ ತಮ್ಮ ಸತ್ತವರನ್ನು ಒಂದೇ ಬಗೆಯಲ್ಲಿ ನೆಟ್ಟು ನಿಲ್ಲಿಸಿದ್ದಾರೆ, ಆದ್ದರಿಂದ ಎದುರಾಳಿ ಇರಲೇ ಇಲ್ಲ ಎನ್ನಲು ಯಾರಿಗೂ ದಾರಿಯಿಲ್ಲ. ಇದೇ ಧರ್ಮಪುರಿಯಲ್ಲಿ ಶಕ 815ರ, ಅಂದರೆ ಕ್ರಿ.ಶ. 893ರ, ನೊಳಂಬ ಮಹೇಂದ್ರನ ಕಾಲದ ಕನ್ನಡ ಶಾಸನವಿದೆ; ತಗಡೂರಿನಲ್ಲಿ ಬಸದಿ ಕಟ್ಟಿಸಿದ ವರ್ತಕ ಸೋದರರ ಸಂಗತಿ ಅದರಲ್ಲಿದೆ. ಪಲ್ಲವ, ಗಂಗ, ನೊಳಂಬ, ಚೋಳ, ಹೊಯ್ಸಳ ಎಲ್ಲರಿಗೂ ಇದು ಅಂಚಿನ ನಾಡು. ಬಾರಾಮಹಲ್ ಎಂಬ ಹೆಸರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಕೈಲಿದ್ದು, 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕಂಪನಿಗೆ ಹೋಯಿತು. ಅಲೆಕ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೋ ರೈತವಾರಿ ಪದ್ಧತಿಯನ್ನು ರೂಪಿಸಿದ್ದು ಇಲ್ಲಿಯೇ. ಸರ್ವೆ ಸರಪಳಿ ಹಿಡಿದು ಬಂದ ಅವರಿಗೆ ಸಿಕ್ಕದ್ದು ಪುಕ್ಕಟೆ ನೆಲವಲ್ಲ. ಹೊಲಹೊಲಕ್ಕೂ ಒಬ್ಬ ರೈತನ ಹೆಸರಿತ್ತು, ಆ ಹೆಸರನ್ನು ಬರೆದುಕೊಳ್ಳುವುದೇ ಅವರ ಕೆಲಸವಾಯಿತು. ವೀರಗಲ್ಲನ್ನು ಅತಿಯಾಗಿ ಹೊಗಳಬೇಡಿ, ಅದೂ ಗಂಡಸಿನ ಹೊಡೆದಾಟದ ನೆನಪೇ, ದನ ಮೇಯಿಸಿದ ಹೆಂಗಸಿನ ಹೆಸರು ಅಲ್ಲೆಲ್ಲಿದೆ ಎಂದು ಕೇಳಿದರೆ, ಆ ಮಾತು ಸರಿ. ಈ ಕಲ್ಲುಗಳ ಮೌನವೂ ಹೇಳಿಸಿಕೊಳ್ಳದ ಮೌನವೇ. ಆದರೂ ಅವು ನೆಲವನ್ನು ಖಾಲಿ ಮಾಡಿ ತೋರಿಸುವುದಿಲ್ಲ.

ಪೆನ್ನಾಗರಂ ದಾಟಿ ಹೊಗೆನಕಲ್‌ಗೆ ಇಳಿಯುವ ದಾರಿಯಲ್ಲಿ ಕುರುಚಲು ಕಾಡು ಎರಡೂ ಬದಿಗೆ ಒತ್ತಿಕೊಂಡು ಬರುತ್ತದೆ. ಕಾವೇರಿ ಇಲ್ಲಿ ಕಪ್ಪು ಬಂಡೆಗಳ ನಡುವೆ ಹತ್ತಾರು ಸೀಳಾಗಿ ಬೀಳುತ್ತಾಳೆ. ಬಿದಿರಿನ ಬುಟ್ಟಿಗೆ ಹೊದಿಕೆ ಬಿಗಿದ ಹರಿಗೋಲು ಇವರ ಬಾಯಲ್ಲಿ ಪರಿಸಲ್. ಹುಟ್ಟು ಹಾಕುವವನು ಸುಳಿಯ ಅಂಚಿಗೆ ತಂದು ಒಮ್ಮೆ ಗಿರಗಿರನೆ ತಿರುಗಿಸದೆ ಬಿಡುವುದಿಲ್ಲ. ದಂಡೆಯಲ್ಲಿ ಖಾರ ಹಚ್ಚಿದ ಮೀನನ್ನು ಎಣ್ಣೆಯಲ್ಲಿ ಕರಿಯುವ ಹೆಂಗಸರು, ಎಣ್ಣೆ ತಿಕ್ಕಲು ಕಾದು ಕೂತ ಗಂಡಸರು, ಆಚೆ ದಡದಲ್ಲಿ ಕರ್ನಾಟಕ. ಈ ಕಾಡು ನಮಗೆಲ್ಲ ಪರಿಚಿತವಾಗಿರುವುದು ವೀರಪ್ಪನ್ ಹೆಸರಿನಿಂದ. 2000ದ ಜುಲೈ 30ರಂದು ಗಾಜನೂರಿನಿಂದ ರಾಜಕುಮಾರ್ ಅಪಹರಣವಾದಾಗ ಕರ್ನಾಟಕ 108 ದಿನ ಉಸಿರು ಬಿಗಿಹಿಡಿದಿತ್ತು. ಆ ಮೀಸೆ, ಆ ಬಂದೂಕು, ಆ ಹಸಿರು ಅಂಗಿ ಸಿನಿಮಾಕ್ಕೆ ಹೇಳಿಮಾಡಿಸಿದವು. ‘ಅಟ್ಟಹಾಸ’, ‘ಕಿಲ್ಲಿಂಗ್ ವೀರಪ್ಪನ್’, 2023ರ ನೆಟ್‌ಫ್ಲಿಕ್ಸ್ ಸರಣಿ, ಒಂದರ ಹಿಂದೊಂದು ಬಂದವು. ಬೆನ್ನಟ್ಟಿದವರಿಗೂ ಹಾಲಿವುಡ್ಡಿನ ಹೆಸರೇ ಅಂಟಿತು: ತಮಿಳುನಾಡಿನ ಪೊಲೀಸ್ ಅಧಿಕಾರಿ ಗೋಪಾಲಕೃಷ್ಣನ್ ‘ರ್‍ಯಾಂಬೋ’ ಎಂದೇ ಹೆಸರಾದರು. 1993ರ ಏಪ್ರಿಲ್ 9ರ ಪಾಲಾರ್ ನೆಲಬಾಂಬಿನಲ್ಲಿ ಅವರ ಜೊತೆ ಹೊರಟಿದ್ದ 22 ಮಂದಿ ಸತ್ತರು, ಗೋಪಾಲಕೃಷ್ಣನ್ ಅವರಿಗೆ ತೀವ್ರ ಗಾಯಗಳಾದವು. ಸಿನಿಮಾದ ರ್‍ಯಾಂಬೋ ಒಬ್ಬನೇ ಹೋಗಿ ಗೆದ್ದು ಬರುತ್ತಾನೆ. ಇಲ್ಲಿ ಹಾಗಾಗಲಿಲ್ಲ.

ಆ ಕಾಲದಲ್ಲಿ ಕಾಡಿಗೆ ಬೇರೆ ದಾರಿಯಿಂದ ಹೋದವರೂ ಇದ್ದರು ಎಂಬುದನ್ನು ಮರೆಯಬಾರದು. ಕರ್ನಾಟಕದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ವೀರಪ್ಪನ್‌ನ ಊರಾದ ಗೋಪಿನಾಥಂನಲ್ಲಿ ಜನರ ನಡುವೆಯೇ ಉಳಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಶರಣಾಗುತ್ತಾನೆಂಬ ಮಾತು ನಂಬಿ ಹೋದ ಅವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕೊಂದ. ಊರೊಂದು ಇದೆ, ಅದರಲ್ಲಿ ಜನ ಇದ್ದಾರೆ, ಅವರಿಗೆ ಗುಡಿ ಬೇಕು, ಔಷಧ ಬೇಕು ಎಂದು ಕಂಡ ಕಣ್ಣು ಅವರದು. ನನ್ನ ಮಟ್ಟಿಗೆ ಆ ಕಾಡಿನ ಇಡೀ ಕಥೆಯ ದೊಡ್ಡ ಮನುಷ್ಯ ಅವರೇ. ವೀರಪ್ಪನ್ ಕೊನೆಗೆ ಸತ್ತದ್ದು 2004ರ ಅಕ್ಟೋಬರ್ 18ರಂದು, ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ. ಅದೇ ಪಾಪ್ಪಾರಪಟ್ಟಿಯಲ್ಲಿ 1925ರಲ್ಲಿ ತೀರಿಕೊಂಡವರು ಸ್ವಾತಂತ್ರ್ಯ ಹೋರಾಟಗಾರ ಸುಬ್ರಮಣ್ಯ ಶಿವ, ಅಲ್ಲಿ ಅವರ ಸ್ಮಾರಕವೂ ಇದೆ. ಹೊರಗಿನವರು ಅಲ್ಲಿ ಕೇಳುವುದು ವೀರಪ್ಪನ್ ಇದ್ದ ಆಂಬುಲೆನ್ಸ್ ನಿಂತ ಜಾಗವನ್ನು.

ಮೆಟ್ಟೂರಿಗೆ ಬಂದರೆ ಕೆಡವಿದ ಮನೆಗಳ ಲೆಕ್ಕಕ್ಕೆ ಮುಳುಗಿದ ಮನೆಗಳೂ ಸೇರುತ್ತವೆ. 1925ರಿಂದ 1934ರವರೆಗೆ ಕಟ್ಟಿದ ಅಣೆಕಟ್ಟೆಯ ಹಿಂದೆ ಹಳ್ಳಿಹಳ್ಳಿಗಳೇ ನೀರಿನಡಿಗೆ ಹೋದವು. ಮಳೆ ಕೈಕೊಟ್ಟು ನೀರಿಳಿದ ವರ್ಷ ಪಣ್ಣವಾಡಿಯ ಬಳಿ ಜಲಕಂಠೇಶ್ವರ ಗುಡಿಯ ನಂದಿ, ಹಳೆಯ ಇಗರ್ಜಿಯ ಗೋಪುರ ಮೇಲೆದ್ದು ನಿಲ್ಲುತ್ತವೆ, ಜನ ಹೋಗಿ ಪೂಜೆ ಮಾಡಿ ಬರುತ್ತಾರೆ. ಕಾವೇರಿಯ ವಿವಾದವನ್ನು ನಾವು ಟಿಎಂಸಿ ಲೆಕ್ಕದಲ್ಲೇ ಮಾತಾಡುತ್ತೇವೆ. ಕನ್ನಂಬಾಡಿಯ ನೀರಿನಡಿಯಲ್ಲಿ ಹಳೆಯ ಕನ್ನಂಬಾಡಿ ಊರೇ ಇದ್ದದ್ದು ನಮಗೆ ಎಷ್ಟು ನೆನಪಿದೆಯೋ ಅಷ್ಟೇ ಅವರಿಗೂ ಇದು ನೆನಪಿದೆ. ಎರಡೂ ಕಡೆ ನೆನಪು ಕಡಿಮೆಯೇ.

ಅಮೆರಿಕದ ಗಡಿಯನ್ನು ತಂದು ಇಲ್ಲಿಗೆ ಹೋಲಿಸುವುದು ಎಳೆದು ಕಟ್ಟಿದ ವಾದ ಎನ್ನುವವರು ಸೇಲಂನಿಂದ ಏರ್ಕಾಡಿಗೆ ಹೋಗುವ ರಸ್ತೆಯಲ್ಲಿ ಉಳಿದಿರುವ ಮಾಡರ್ನ್ ಥಿಯೇಟರ್ಸ್‌ನ ಕಮಾನನ್ನು ನೋಡಬೇಕು. ಟಿ.ಆರ್. ಸುಂದರಂ 1930ರ ದಶಕದಲ್ಲಿ ಕಟ್ಟಿದ ಈ ಸ್ಟುಡಿಯೊದಲ್ಲಿ ಒಹಾಯೊದಿಂದ ಬಂದ ಎಲ್ಲಿಸ್ ಆರ್. ಡಂಗನ್ ಕೆಲಸ ಮಾಡಿದರು. 1950ರ ‘ಮಂತ್ರಿಕುಮಾರಿ’ಯ ನಿರ್ದೇಶನದಲ್ಲಿ ಸುಂದರಂ ಜೊತೆ ಅವರ ಹೆಸರಿದೆ, ಸಂಭಾಷಣೆ ಕರುಣಾನಿಧಿಯದು, ನಾಯಕ ಎಂಜಿಆರ್. 1952ರಲ್ಲಿ ಇದೇ ಸಂಸ್ಥೆ ಅಮೆರಿಕದ ಕಂಪನಿಯೊಡನೆ ಸೇರಿ ‘ದಿ ಜಂಗಲ್’ ತೆಗೆಯಿತು. ಅದರ ನಾಯಕ ರಾಡ್ ಕ್ಯಾಮರಾನ್, ಹಾಲಿವುಡ್ಡಿನಲ್ಲಿ ಕೌಬಾಯ್ ಪಾತ್ರಗಳಿಗೆ ಹೆಸರಾದ ನಟ. ಕುದುರೆಯಿಂದ ಇಳಿದ ಆ ಕೌಬಾಯ್‌ನನ್ನು ಬೇಟೆಗಾರನಾಗಿ ನಮ್ಮ ಕಾಡಿಗೆ ಕರೆತಂದು ನಿಲ್ಲಿಸಿದರು. ಕಾಡೆಂದರೆ ಆನೆ ಮತ್ತು ಅಪಾಯ ಎಂದಾಯಿತು. ಆದರೆ ಇದೇ ಸ್ಟುಡಿಯೊದ ‘ಮಂತ್ರಿಕುಮಾರಿ’ಯನ್ನು ಪಕ್ಕಕ್ಕಿಟ್ಟು ನೋಡಿ. ಕುಂಡಲಕೇಶಿಯ ಹಳೆಯ ಕಥೆಯಿಂದ ಹುಟ್ಟಿದ ಅದರಲ್ಲಿ ದರೋಡೆಕೋರ ರಾಜಗುರುವಿನ ಮಗನೇ, ಅರಮನೆಗೆ ಸೇರಿದವನು. ಅವನನ್ನು ಬೆಟ್ಟದ ತುದಿಯಿಂದ ತಳ್ಳಿ ಮುಗಿಸುವವಳು ಹೆಂಡತಿ. ಒಡಲಿನ ಕಥೆಗೂ ಎರವಲು ಕಥೆಗೂ ಇರುವ ಅಂತರ ಇದು. ನಮ್ಮ ರಾಮನಗರದಲ್ಲೂ ‘ಶೋಲೆ’ಗೆ ಒಂದು ಊರು ಕಟ್ಟಿ ಇಳಿಸಿದರು. ರಾಮದೇವರಬೆಟ್ಟದ ಬುಡದ ನಿಜವಾದ ಹಳ್ಳಿಗಳ ರೇಷ್ಮೆ, ಹೈನು, ಜಗಳ, ಜಾತ್ರೆ ಯಾವುದೂ ಆ ರಾಮಗಡದಲ್ಲಿಲ್ಲ. ಸೇಲಂನ ಸಂಜೆಯ ತಟ್ಟುವಡೆ ಸೆಟ್, ಅಂದರೆ ಎರಡು ಗರಿಗರಿ ನಿಪ್ಪಟ್ಟುಗಳ ನಡುವೆ ತುರಿದ ಬೀಟ್‌ರೂಟ್, ಕ್ಯಾರೆಟ್, ಎರಡು ಬಗೆ ಚಟ್ನಿ, ಇದನ್ನು ತಿನ್ನುತ್ತ ನಿಂತ ಬೀದಿಯ ಗದ್ದಲ ಯಾವ ವೆಸ್ಟರ್ನ್ ಚಿತ್ರದ ಒಳಗೂ ಹಿಡಿಸುವುದಿಲ್ಲ.

ಏರ್ಕಾಡಿನ ಬೆಟ್ಟಕ್ಕೆ 20 ಹೇರ್‌ಪಿನ್ ತಿರುವು. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸು, ಕೆಳಗೆ ಕಾಫಿ; ಕೊಡಗು, ಚಿಕ್ಕಮಗಳೂರಿನ ತೋಟಗಳ ನೆರಳು ಇಲ್ಲೂ. 1820ರ ದಶಕದಲ್ಲಿ ಸೇಲಂ ಕಲೆಕ್ಟರ್ ಆಗಿದ್ದ ಎಂ.ಡಿ. ಕಾಕ್‌ಬರ್ನ್ ಕಾಫಿ ತಂದು ನೆಟ್ಟ, ಆದ್ದರಿಂದ ಅವನೇ ಏರ್ಕಾಡಿನ ಪಿತಾಮಹ ಎಂದು ಹೇಳುವುದು ವಾಡಿಕೆ. ಊರಿಗೆ ಪಿತಾಮಹ ಸಿಕ್ಕ ಮೇಲೆ ರೆಸಾರ್ಟುಗಳ ಮರದ ಕುಟೀರಗಳೂ, ಮುಂದೆ ಹಾಕಿದ ಬೆಂಕಿಕುಂಡವೂ ತಾವಾಗಿ ಬರುತ್ತವೆ. ಆದರೆ ಈ ಸೇರ್ವರಾಯನ್ ಬೆಟ್ಟದಲ್ಲಿ ಮಲೆಯಾಳಿ ಎಂಬ ಜನ ಇದ್ದಾರೆ. ಕೇರಳದವರಲ್ಲ, ತಮಿಳಾಡುವ ಬೆಟ್ಟದವರು. ಸಾಮೆ, ರಾಗಿ ಬೆಳೆದವರು, ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿ ಹುಲ್ಲು ಹೊದಿಸಿದ ಮನೆ ಕಟ್ಟಿದವರು. ಇಂದು ಅನೇಕರು ಕಾಫಿ ತೋಟದ ಕೂಲಿಗಳು. ಬೆಟ್ಟದ ನೆತ್ತಿಯ ಗವಿಯಲ್ಲಿರುವ ಸೇರ್ವರಾಯನ್ ಅವರ ದೇವರು. ಅವರೂ ಹೊರಗಿನಿಂದ ಬಂದವರೇ ತಾನೇ ಎನ್ನಬಹುದು. ಹೌದು, ಕಂಚಿಯಿಂದ ಮೂವರು ಅಣ್ಣತಮ್ಮಂದಿರು ಬಂದು ಮೂರು ಬೆಟ್ಟ ಹಿಡಿದರು ಎಂದು ಅವರೇ ಹೇಳಿಕೊಳ್ಳುವ ಕಥೆಯನ್ನು ಎಡ್ಗರ್ ತರ್ಸ್‌ಟನ್ 1909ರ ಗ್ರಂಥದಲ್ಲಿ ದಾಖಲಿಸಿದ್ದಾರೆ. ಬಂದದ್ದನ್ನು ಬಂದೆವು ಎನ್ನುವ ಕಥೆಗೂ, ಬಂದು ನೋಡಿದರೆ ಯಾರೂ ಇರಲಿಲ್ಲ ಎನ್ನುವ ಕಥೆಗೂ ಬಹಳ ವ್ಯತ್ಯಾಸವಿದೆ. ಅವರಿಗಿಂತ ಮುಂಚಿನವರ ಗುರುತೂ ಇಲ್ಲಿದೆ. ಬಳ್ಳಾರಿ ಸೀಮೆಯ ಶಿಲಾಯುಗದ ನೆಲೆಗಳನ್ನು ಹುಡುಕಿಕೊಟ್ಟ ರಾಬರ್ಟ್ ಬ್ರೂಸ್ ಫೂಟ್ ಕೊನೆಗಾಲದಲ್ಲಿ ಏರ್ಕಾಡಿನಲ್ಲಿ ನೆಲೆಸಿದ್ದರು. ಈ ಬೆಟ್ಟದಲ್ಲಿ ಸಿಕ್ಕ ನುಣುಪಾದ ಕಲ್ಲುಕೊಡಲಿಗಳನ್ನು ಅವರು ಕೂಡಿಹಾಕಿದರು. ಇಲ್ಲಿ ಮೊದಲ ಮರ ಕಡಿದ ಕೊಡಲಿ ಕಬ್ಬಿಣದ್ದಲ್ಲ, ಕಲ್ಲಿನದು. ರಜೆಗೆ ಬಂದವರು ಮರದ ಕುಟೀರದಲ್ಲಿ ಮಲಗಿದರೆ ಯಾರಿಗೇನು ನಷ್ಟ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಮರದಿಂದ ನಷ್ಟವಿಲ್ಲ. ಬೆಟ್ಟದ ಕಥೆ ಕಾಕ್‌ಬರ್ನ್‌ನಿಂದ ಶುರುವಾಗುತ್ತದೆ ಎಂದು ನಂಬಿ ಮಲಗುವುದರಿಂದ ನಷ್ಟವಿದೆ.

ಆ ನಷ್ಟ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೆಟ್ಟ ಇಳಿದು ಮಂಜವಾಡಿ ಕಣಿವೆಯ ಮೂಲಕ ಹರೂರಿಗೆ ಹೋಗುವ ದಾರಿ ಉತ್ತರ ಕೊಡುತ್ತದೆ. ಸಿತ್ತೇರಿ ಬೆಟ್ಟದ ಬುಡದಲ್ಲಿ ವಾಚಾತ್ತಿ ಎಂಬ ಮಲೆಯಾಳಿಗಳ ಊರಿದೆ. 1992ರ ಜೂನ್ 20ರಂದು ಗಂಧದ ಮರದ ಕಳ್ಳಸಾಗಣೆ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಊರಿಗೆ ನುಗ್ಗಿದರು. ಮನೆಗಳನ್ನು ಧ್ವಂಸ ಮಾಡಿದರು, ಜನರನ್ನು ಹೊಡೆದರು, 18 ಹೆಂಗಸರ ಮೇಲೆ ಅತ್ಯಾಚಾರವಾಯಿತು, ಮಕ್ಕಳ ಸಮೇತ ಜನರನ್ನು ಜೈಲಿಗೆ ತಳ್ಳಿದರು. ಕಾಡಿನಂಚಿನಲ್ಲಿರುವವರೆಲ್ಲ ಕಳ್ಳರ ಕಡೆಯವರು, ಅಲ್ಲಿ ಕಾನೂನೆಂದರೆ ಬಂದೂಕು ಹಿಡಿದು ಹೋದವನು ಹೇಳಿದ್ದು ಎಂಬ ಆ ಹಳೆಯ ಚಿತ್ರವೇ ಅಂದು ಅಧಿಕಾರಿಗಳ ಕಣ್ಣಲ್ಲಿತ್ತು. ಕೆಲವರ ದುಷ್ಟತನಕ್ಕೆ ಸಿನಿಮಾವನ್ನೂ ಕಥೆಯನ್ನೂ ದೂರುವುದು ನ್ಯಾಯವೇ ಎಂದು ಕೇಳಬಹುದು. ಕೆಲವರಾಗಿದ್ದರೆ ಈ ಪ್ರಶ್ನೆ ಸರಿಯಿತ್ತು. ಆರೋಪ ಹೊತ್ತವರು 269 ಮಂದಿ, ಮೂರು ಇಲಾಖೆಗಳವರು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯ ತೀರ್ಪು ಕೊಡುವಷ್ಟರಲ್ಲಿ 54 ಮಂದಿ ಸತ್ತಿದ್ದರು, ಉಳಿದ 215 ಮಂದಿಯೂ ತಪ್ಪಿತಸ್ಥರೆಂದಾಯಿತು. ಇಷ್ಟು ಜನ ಒಟ್ಟಿಗೆ ಇಂಥ ಕೆಲಸಕ್ಕೆ ಇಳಿಯಬೇಕಾದರೆ ಎದುರಿಗಿರುವುದು ಊರೇ ಅಲ್ಲ ಎಂಬ ಭಾವನೆ ಮೊದಲೇ ಬೇರೂರಿರಬೇಕು.

2023ರ ಸೆಪ್ಟೆಂಬರ್ 29ರಂದು ಮದ್ರಾಸ್ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿದು, ಆ ಹೆಂಗಸರಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. 31 ವರ್ಷ ಕೋರ್ಟು, ಗುರುತು ಹಿಡಿಯುವ ಕವಾಯತು, ಅಡ್ಡಸವಾಲು ಎಲ್ಲವನ್ನೂ ಎದುರಿಸಿ ನಿಂತವರು ಅದೇ ಊರಿನ ಕೂಲಿ ಹೆಂಗಸರು. ವೀರಪ್ಪನ್ ಬಗ್ಗೆ ಕನ್ನಡದ ಓದುಗರಿಗೆ ಗೊತ್ತಿಲ್ಲದ್ದು ಇನ್ನೇನೂ ಉಳಿದಿಲ್ಲ. ವಾಚಾತ್ತಿಯ ಹೆಸರನ್ನು ಕೇಳಿದವರೇ ನಮ್ಮಲ್ಲಿ ಕಡಿಮೆ. ಆ ಹೆಂಗಸರ ಸಾಕ್ಷ್ಯ, ಅವರು ಮತ್ತೆ ಕಟ್ಟಿಕೊಂಡ ಮನೆ, ಅವರ ಜೊತೆ ನಿಂತ ಸಂಘಟನೆಗಳ ಕೆಲಸ ಎಲ್ಲವನ್ನೂ ಕೂತು ಕೇಳಿ ಬರೆದ ಒಂದು ಪುಸ್ತಕ ಕನ್ನಡದಲ್ಲಿ ಬರಬೇಕು. ಬರೆಯುವವರಿಗೆ ಬೆಂಗಳೂರಿನಿಂದ ಹರೂರು ಒಂದು ಬೆಳಗಿನ ದಾರಿ.